ಎಫ್ ಒಂಬತ್ತು ಒತ್ತಿದಾಗ

ಆಂಬುಲೆನ್ಸ್ ಕಳಿಸುವ ಆ ಕಚೇರಿಯ ಅರವತ್ತನಾಲ್ಕು ಕಂಪ್ಯೂಟರ್‌ಗಳ ಯೋಗಕ್ಷೇಮವೆಲ್ಲ ಒಬ್ಬಳದೇ. ಹದಿನೆಂಟು ವರ್ಷದಿಂದ ಅದೇ ಕೆಲಸ. ಎಲ್ಲರ ಬಾಯಲ್ಲೂ ಅವಳು ಕೀಬೋರ್ಡ್ ಅಕ್ಕ. ಎರಡು ಸಾಫ್ಟ್‌ವೇರ್‌ಗಳು ಒಂದೇ ಕೀಗೆ ಕಿತ್ತಾಡಿದರೆ ಜಗಳ ಬಿಡಿಸಬೇಕಾದವಳು ಅವಳು. “ಒಂದು ಒಲೆ, ಇಬ್ಬರು ಸೊಸೆಯರು” ಎಂದು ತಾನೇ ನಗುತ್ತಿದ್ದಳು.

ಒಂದು ಮಧ್ಯಾಹ್ನ ಏಳನೇ ಮೇಜಿಗೆ ಹೆಂಗಸೊಬ್ಬಳ ಕರೆ ಬಂತು. ಗಂಡ ಕುರ್ಚಿಯಲ್ಲೇ ಕುಸಿದಿದ್ದ. ಆ ಮೇಜಿನಲ್ಲಿದ್ದವನು ಹಿಂದೆ ಬಸ್ ಕಂಡಕ್ಟರನಾಗಿದ್ದವನು. ಈಗಲೂ ಎಲ್ಲರಿಗೂ ಕಂಡಕ್ಟರಣ್ಣನೇ. ಗಾಡಿಯವರನ್ನು ವಿಚಾರಿಸಲು ಅವಳ ಕರೆಯನ್ನು ತಡೆಹಿಡಿಯಬೇಕಿತ್ತು. ಅದಕ್ಕೆಂದೇ ಇದ್ದ ಎಫ್ ಒಂಬತ್ತು ಕೀ ಒತ್ತಿದ. ಕರೆ ಕಡಿದೇ ಹೋಯಿತು. ವಿಳಾಸ ಇನ್ನೂ ಬರೆದುಕೊಂಡಿರಲಿಲ್ಲ. ಅವಳ ಫೋನು ಮತ್ತೆ ಸಿಗುವಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಗಾಡಿ ಮುಟ್ಟಿದಾಗ ಗಂಡನ ಉಸಿರು ನಿಂತಿತ್ತು.

ಮುಖ್ಯಸ್ಥರು ಕಂಡಕ್ಟರಣ್ಣನನ್ನು ಮನೆಗೆ ಕಳಿಸಿದರು. “ಎಂಟು ವರ್ಷದಿಂದ ಅದೇ ಕೀ ಒತ್ತಿದೀನಿ ಸಾರ್” ಎಂದು ಅವನು ಹೇಳಿದ್ದು ಅಕ್ಕನ ಹೊರತು ಯಾರ ಕಿವಿಗೂ ಬೀಳಲಿಲ್ಲ.

ಅಕ್ಕ ಅವನ ಮೇಜಿಗೆ ಹೋಗಿ ಕೂತಳು. ತನ್ನ ಮೊಬೈಲಿನಿಂದ ಕಚೇರಿಗೇ ಕರೆ ಮಾಡಿ ಎಫ್ ಒಂಬತ್ತು ಒತ್ತಿದಳು. ಕಡಿಯಿತು. ಮೂರು ಸಲ ಒತ್ತಿದಳು, ಮೂರು ಸಲವೂ ಕಡಿಯಿತು. ಆ ದಿನ ಬೆಳಿಗ್ಗೆಯಷ್ಟೇ ಹಾಕಿದ್ದ ಹೊಸ ನಕ್ಷೆಯ ಸಾಫ್ಟ್‌ವೇರು ಆ ಕೀಯನ್ನು ‘ಕರೆ ಮುಗಿಸು’ ಎಂದು ತನ್ನದಾಗಿಸಿಕೊಂಡಿತ್ತು. ಹಾಕಿದವಳು ಅವಳೇ. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದಳು. ಅದರಲ್ಲಿ ಫೋನಿನ ಸಾಫ್ಟ್‌ವೇರೇ ಇರಲಿಲ್ಲ.

ಎದೆ ಧಸಕ್ಕೆನ್ನಬಹುದೆಂದು ಕಾದಳು. ಏನೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದಂತಿತ್ತು. ಊಟದ ಡಬ್ಬಿ ತೊಳೆದಿಟ್ಟು, ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮುಖ್ಯಸ್ಥರ ಮುಂದಿಟ್ಟಳು.

“ಯಾರಮ್ಮ ನಿಮ್ಮನ್ನ ಕೇಳಿದ್ದು? ಸಾಫ್ಟ್‌ವೇರ್ ಕಂಪನಿಯವರ ತಲೆಗೆ ಕಟ್ಟಬಹುದಿತ್ತಲ್ಲ?”

“ಸರಿಯಾಗಿ ನೋಡ್ದೆ ಹಾಕಿದ್ದು ನಾನು ಸಾರ್.”

ಅವಳ ಬಡ್ತಿ ನಿಂತಿತು. ಕಂಡಕ್ಟರಣ್ಣ ಕೆಲಸಕ್ಕೆ ಮರಳಿದ. ಎಫ್ ಒಂಬತ್ತು ಮುಟ್ಟಬೇಡಿರೆಂದು ಎಲ್ಲ ಮೇಜಿಗೂ ಚೀಟಿ ಅಂಟಿಸಿ, ಒಂದೊಂದೇ ಮೇಜು ಖಾಲಿಯಾಗುವುದನ್ನು ಕಾದು ಅವಳು ನಕ್ಷೆಯ ಕೀ ಬದಲಿಸತೊಡಗಿದಳು. ಏಳನೆಯದರ ಸರದಿ ಬಂದಾಗ ಅವನು ಪಕ್ಕದಲ್ಲಿ ನಿಂತ.

“ಚೆನ್ನಾಗಿ ಬೈಬೇಕು ಅಂತಿದ್ದೆ ಅಕ್ಕ. ಬಾಯೇ ಬರ್ತಿಲ್ಲ.”

“ಬೈದ್ಬಿಡಿ ಅಣ್ಣ. ಆಗ್ಲಾದ್ರೂ ಏನಾದ್ರೂ ಅನ್ಸುತ್ತೇನೋ.”

ಅವನು ಬೈಯಲಿಲ್ಲ. ಕಂಪ್ಯೂಟರು ಮತ್ತೆ ಶುರುವಾದ ಮೇಲೆ ಕುರ್ಚಿ ಎಳೆದುಕೊಂಡು ಮುಂದಿನ ಕರೆ ಎತ್ತಿಕೊಂಡ.

ಮನೆಯಲ್ಲಿ ಅಕ್ಕನ ಗಂಡ, “ಒಂದ್ಸಲ ಅತ್ತು ಹಗುರಾಗ್ಬಾರ್ದಾ?” ಎಂದ.

“ಬರ್ತಿಲ್ಲ ಕಣ್ರೀ” ಎಂದು ಬಟ್ಟೆ ಮಡಚುತ್ತಲೇ ಇದ್ದಳು.

ಎರಡನೇ ವಾರದಲ್ಲಿ, ತೀರಿಕೊಂಡವನ ಹೆಂಡತಿಯಿಂದ ಒಂದು ಕಾಗದ ಬಂತು. ದೂರಲ್ಲ, ಒಂದೇ ಪ್ರಶ್ನೆ: ‘ಗಾಬರಿಯಲ್ಲಿ ನಾನೇ ಫೋನ್ ಕಟ್ ಮಾಡಿಬಿಟ್ಟೆನಾ?’

ಅದಕ್ಕೆ ಉತ್ತರ ಬೇಡವೆಂದರು ಮುಖ್ಯಸ್ಥರು. ಅಕ್ಕ ಬರೆದಳು: ‘ನೀವಲ್ಲಮ್ಮ. ನಮ್ಮ ಕಡೆಯಿಂದ ಕಡಿಯಿತು. ತಪ್ಪು ನನ್ನದು.’ ಕೆಳಗೆ ತನ್ನ ಹೆಸರು, ಫೋನ್ ನಂಬರು ಹಾಕಿದಳು.

ಅಂಚೆಗೆ ಹಾಕಿ ಬಂದು ನಲವತ್ತೆರಡನೇ ಮೇಜಿನಲ್ಲಿ ಕೂತಳು. ಕೈ ತನ್ನಷ್ಟಕ್ಕೆ ಕೀ ಬದಲಿಸುತ್ತಿತ್ತು, ಕಣ್ಣು ಪಕ್ಕದಲ್ಲಿಟ್ಟ ಮೊಬೈಲಿನ ಮೇಲಿತ್ತು.