ಹಾಲಿನ ಸೋಪಿಗೆ ಹೊದಿಕೆ

ನೊರೆಯಕ್ಕ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಗಂಡನದು ಹಾಲಿನ ಬೂತು. ಮಾರಾಟವಾಗದೆ ಉಳಿದ ಹಾಲು, ಹುಳಿ ಬಂದ ಮೊಸರು, ಮಜ್ಜಿಗೆ, ಕೆನೆ ಎಲ್ಲ ಸಂಜೆ ಮನೆಗೆ ಬರುತ್ತಿತ್ತು. ಚೆಲ್ಲುವುದು ಅವಳ ಜಾಯಮಾನವಲ್ಲ. ಒಲೆ ಹಚ್ಚದೆ, ನೀರಿನ ಬದಲು ಆ ಹಾಲಿನಲ್ಲೇ ಕಾಸ್ಟಿಕ್ ಸೋಡಾ ಕರಗಿಸಿ, ಎಣ್ಣೆಗೆ ಸೇರಿಸಿ ಸೋಪು ಮಾಡುವುದನ್ನು ಕಲಿತಳು. ಮೊದಮೊದಲು ಸೋಡಾದ ಕಾವಿಗೆ ಹಾಲು ಸೀದು ಮನೆಯೆಲ್ಲ ಮೂಗು ಮುಚ್ಚಿಕೊಳ್ಳುವಂಥ ನಾತ. ನನ್ನ ಟೀಗೂ ಒಂದು ತೊಟ್ಟು ಉಳಿಸೇ ಎಂದು ಗಂಡ ಕಾಲೆಳೆಯುತ್ತಿದ್ದ.

ಬರಬರುತ್ತ ಹಾಲಿನ ಗುಣ ಅರ್ಥವಾಯಿತು. ಅದನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ, ಐಸ್ ನೀರಿನಲ್ಲಿಟ್ಟ ಪಾತ್ರೆಗೆ ಹಾಕಿ, ಸೋಡಾವನ್ನು ಚಮಚದ ತುದಿಯಿಂದ ಚೂರುಚೂರೇ ಉದುರಿಸಬೇಕು. ನೀರಿನ ಸೋಪನ್ನಾದರೆ ಅಚ್ಚಿಗೆ ಸುರಿದ ಮೇಲೆ ಕಂಬಳಿ ಹೊದಿಸಿ ಬೆಚ್ಚಗಿಡುತ್ತಾರೆ. ಹಾಲಿನದಕ್ಕೆ ಆ ಉಪಚಾರ ಕೂಡದು, ಅದರ ಮೈಯಲ್ಲೇ ಕಾವು. ತಣ್ಣನೆಯ ನೆಲದ ಮೇಲೆ ಬರಿಮೈಯಲ್ಲಿ ಬಿಡಬೇಕು. ಕಲಿಯಲು ಬಂದ ಹೆಂಗಸರಿಗೆ ಅವಳ ಮಾತು ಒಂದೇ: "ಹಾಲಿನ ಸೋಪು ಹಟಮಾರಿ ಕೂಸು ಕಣ್ರೇ. ಮುದ್ದು ಮಾಡಿ ಹೊದಿಸಿದ್ರೋ, ಕೆಟ್ಟಿತು." ಅವರು ನಗುತ್ತಿದ್ದರು. ಆದರೆ ಮರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಿಂದಿನ ಬೀದಿಯ ಟೈಲರನ ಹೆಂಡತಿ ಬಂದಳು, ಇನ್ನೂ ಎಳೆಯ ಹುಡುಗಿ. ಎದೆಗೆ ಅವಚಿಕೊಂಡಿದ್ದ ಪುಟ್ಟ ಹೊದಿಕೆ ಬಿಚ್ಚಿದರೆ ಒಳಗೆ ಹೆಪ್ಪುಗಟ್ಟಿದ ಹಾಲಿನ ಚೀಲಗಳು. ಅವಳದೇ ಎದೆಹಾಲು. ದಿನ ತುಂಬದೆ ಹುಟ್ಟಿದ ಮಗು ಆಸ್ಪತ್ರೆಯಲ್ಲಿತ್ತು. ಮನೆಗೆ ಬಂದ ಮೇಲೆ ಬೇಕಾಗುತ್ತದೆ ಎಂದು ತೆಗೆದು ತೆಗೆದು ಕೂಡಿಸಿಟ್ಟಿದ್ದಳು. ಮಗು ಮನೆಗೆ ಬರಲೇ ಇಲ್ಲ. ಫ್ರೀಜರ್ ಖಾಲಿ ಮಾಡು ಎಂದು ಅತ್ತೆ ಹೇಳಿದ್ದರಂತೆ. ಪಾಪ, ಅವರಿಗೂ ನೋಡಲಾಗುತ್ತಿರಲಿಲ್ಲವಂತೆ.

"ಬಚ್ಚಲಿಗೆ ಸುರಿಯೋಕೆ ಕೈ ಬರ್ಲಿಲ್ಲ ಅಕ್ಕಾ. ಇದ್ರಲ್ಲಿ ಸೋಪು ಆಗುತ್ತಾ?"

ಆಗುತ್ತೆ ಅಂದುಬಿಟ್ಟಳು ನೊರೆಯಕ್ಕ. ಅಂದ ಮೇಲೆ ಯೋಚನೆ ಹತ್ತಿತು. ಕೆಟ್ಟರೆ ಮತ್ತೆ ಮಾಡಲು ಈ ಹಾಲು ಎಲ್ಲಿಂದ ಬರಬೇಕು? ಎಂದಿಗಿಂತ ನಿಧಾನವಾಗಿ ಸೋಡಾ ಉದುರಿಸಿದಳು. ಹಾಲು ಬೆಳ್ಳಗೇ ಉಳಿಯಿತು. ಎಣ್ಣೆಯೊಡನೆ ಕಡೆದು, ಗಂಜಿಯ ಹದಕ್ಕೆ ಬಂದದ್ದನ್ನು ಅಚ್ಚಿಗೆ ಸುರಿದು ಹಿಂದಿನ ಕೋಣೆಯ ನೆಲದ ಮೇಲಿಟ್ಟಳು. ಎಂದಿನ ಮಾತು ನಾಲಿಗೆಯ ತುದಿಗೆ ಬಂತು. ಈ ಹುಡುಗಿಯೆದುರು ಕೂಸೆಂಬ ಮಾತು ಆಡುವುದುಂಟೇ? ನುಂಗಿಕೊಂಡಳು. ಅದರ ಜೊತೆಗೆ ಹೊದಿಸಬಾರದೆಂಬ ಎಚ್ಚರಿಕೆಯೂ ಗಂಟಲಲ್ಲಿ ಇಳಿದುಹೋಯಿತು.

ಸ್ವಲ್ಪ ಹೊತ್ತು ಇಲ್ಲೇ ಕೂತಿರಲಾ ಎಂದಳು ಹುಡುಗಿ. ಕೂತಿರಮ್ಮ ಎಂದು ಇವಳು ಗಂಡನ ಊಟ ತೆಗೆದುಕೊಂಡು ಬೂತಿಗೆ ಹೋದಳು.

ಬಂದು ನೋಡಿದರೆ ಹುಡುಗಿ ಗೋಡೆಗೊರಗಿ ಕೂತಿದ್ದಾಳೆ, ಮಡಿಲಲ್ಲಿ ಅಚ್ಚು. ಅಚ್ಚಿನ ಸುತ್ತ ಬಿಗಿಯಾಗಿ ಆ ಪುಟ್ಟ ಹೊದಿಕೆ.

"ನೆಲ ತಣ್ಣಗಿತ್ತು ಅಕ್ಕಾ, ಹೊದಿಸಿದೆ," ಅಂದಳು, ಮಲಗಿದವರು ಏಳಬಾರದೆಂಬಂತೆ ಮೆಲ್ಲಗೆ. "ಈಗ ಬೆಚ್ಚಗಾಗಿದೆ. ಮುಟ್ಟಿ ನೋಡಿ."

ಜ್ವರ ಬಂದ ಮೈಯಂತೆ ಸುಡುತ್ತಿತ್ತು. ಈಗಲೇ ಹೊದಿಕೆ ಕಿತ್ತು ಫ್ಯಾನಿನ ಕೆಳಗಿಟ್ಟರೆ ಉಳಿದೀತು. ನೊರೆಯಕ್ಕನ ಕೈ ಸ್ವಿಚ್ಚಿನವರೆಗೂ ಹೋಯಿತು. ಹುಡುಗಿ ತನಗೇ ಅರಿವಿಲ್ಲದೆ ತೊಡೆ ಅಲುಗಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಮಗುವನ್ನು ಒಂದು ಸಲವೂ ಎತ್ತಿಕೊಳ್ಳಲು ಆಗಲಿಲ್ಲವೆಂದು ಬೆಳಿಗ್ಗೆ ತಾನೇ ಹೇಳಿದ್ದಳು.

ನೊರೆಯಕ್ಕ ಸ್ವಿಚ್ಚು ಒತ್ತಲಿಲ್ಲ. ಬಂದು ಪಕ್ಕದಲ್ಲಿ ಕೂತಳು. ಒಳಗೆ ಏನಾಗುತ್ತಿದೆಯೆಂದು ಅವಳಿಗೆ ನೋಡದೆಯೇ ಗೊತ್ತು: ಹಾಲು ಸೀದು ಕಂದುತ್ತಿದೆ, ನಡು ಉಬ್ಬಿ ಬಿರಿಯುತ್ತಿದೆ. ಘಾಟು ಮೂಗಿಗೆ ಬಡಿಯಿತು. ಹುಡುಗಿಗೂ ಬಡಿದಿರಬೇಕು. ಅವಳು ಹೊದಿಕೆಯ ಅಂಚನ್ನು ಇನ್ನಷ್ಟು ಒಳಗೆ ಸಿಕ್ಕಿಸಿದಳು.

ಹೊತ್ತು ಇಳಿಯುತ್ತ ಬಂದಾಗ ತೊಡೆ ಅಲುಗುವುದು ನಿಂತಿತು. ಹುಡುಗಿ ಹೊದಿಕೆಯ ಮೇಲೆ ಅಂಗೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ತಣ್ಣಗಾಯ್ತು ಅಕ್ಕಾ," ಅಂದಳು. "ತಗೊಳ್ಳಿ."

ನೊರೆಯಕ್ಕ ಎರಡೂ ಕೈ ಚಾಚಿದಳು. ಹುಡುಗಿಯ ಕೈ ಮಾತ್ರ ಸಡಿಲವಾಗಲಿಲ್ಲ.