ಭತ್ತಕ್ಕೆ ದಾರಿ ಬಿಟ್ಟ ಕಾರು

ಗೆಳೆಯರೇ, ಅಪ್ಪಾಜಿಯ ಕಾರಿಗೆ ಕಡಿಮೆ ಪ್ರೀಮಿಯಂ ಹುಡುಕಿಕೊಂಡು ಇವತ್ತು ಹರಿಹರದ ಇನ್ಶೂರೆನ್ಸ್ ಏಜೆಂಟಮ್ಮನ ಮುಂದೆ ಕೂತಿದ್ದೆವು. ದಾವಣಗೆರೆಯಲ್ಲಿ ಕೇಳಿದ ಕಡೆಯೆಲ್ಲ ಹಳೆಯ ಕ್ಲೈಮುಗಳನ್ನು ನೋಡಿ ರೇಟು ಏರಿಸಿದ್ದರು.

"ಏನ್ರಿ ಇದು, ಪ್ರತಿ ಸುಗ್ಗಿಗೂ ಒಂದೊಂದು ಆಕ್ಸಿಡೆಂಟ್ ಐತೆ?" ಎಂದರು ಆಕೆ.

"ಮಲೆಬೆನ್ನೂರು ರೋಡ್ನಾಗೆ ಭತ್ತ ಒಣಗಾಕಿರ್ತಾರಮ್ಮ. ಅನ್ನದ ಮ್ಯಾಲೆ ಹೆಂಗೆ ಗಾಡಿ ಹತ್ತಿಸ್ಲಿ? ಪಕ್ಕಕ್ಕೆ ತಿರುಗಿಸ್ತೀನಿ," ಎಂದರು ಅಪ್ಪಾಜಿ.

ಆ ಪಕ್ಕದಲ್ಲಿ ಒಮ್ಮೆ ಮೈಲಿಗಲ್ಲಿತ್ತು, ಒಮ್ಮೆ ಕರೆಂಟ್ ಕಂಬ, ಹೋದ ಸಲ ಸುಮ್ಮನೆ ನಿಂತಿದ್ದ ಟ್ರ್ಯಾಕ್ಟರ್.

"ಬ್ರೇಕ್ ಐತಲ್ರಿ?"

ಅಪ್ಪಾಜಿ ತಲೆ ಕೆರೆದುಕೊಂಡರು. "ಅದು ಆ ಹೊತ್ನಾಗೆ ಹೊಳಿಯಲ್ಲ ನೋಡಮ್ಮ."

ಆಕೆ ನಕ್ಕುಬಿಟ್ಟರು. "ಸಣ್ಣಪುಟ್ಟ ರಿಪೇರಿ ಖರ್ಚು ನೀವೇ ನೋಡ್ಕೊಳ್ಳೋದಾದ್ರೆ ಪ್ರೀಮಿಯಂ ಇಳೀತೈತ್ರಿ, ಹಂಗೇ ಮಾಡೋಣ. ನಮ್ಮೂರು ಕೊಕ್ಕನೂರಾಗೆ ನಮ್ಮ ಭತ್ತಾನೂ ರೋಡ್ನಾಗೇ ಒಣಗೋದು."

ವಾಪಸ್ ಬರುವಾಗ ಅರ್ಧ ರಸ್ತೆ ಭತ್ತ ಹರಡಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪಾಜಿ ಬ್ರೇಕ್ ಹಾಕಿದರು! ಎದುರಿನ ಗಾಡಿಗಳೆಲ್ಲ ಹೋಗುವವರೆಗೂ ಕಾದರು, ಹಿಂದಿನ ಬಸ್ಸಿನವನು ಎಷ್ಟು ಹಾರ್ನ್ ಹೊಡೆದರೂ ಕದಲಲಿಲ್ಲ.

ಅಪ್ಪಾಜಿಗೆ ಡ್ರೈವಿಂಗ್ ಬರಲ್ಲ, ಒಪ್ಪಿದೆ. ಆದರೆ ಮುಂದಿನ ಜನ್ಮದಲ್ಲಿ ನಾನು ಭತ್ತವಾಗಿ ಹುಟ್ಟಿದರೆ, ಇವರು ಓಡಾಡುವ ರಸ್ತೆಯಲ್ಲೇ ಒಣಗುತ್ತೇನೆ.