ಕನ್ನಡದಲ್ಲಿ ತುಂಬಿದ ಒಂದೇ ಹಾಳೆ

ಬೆನ್ನು ನೆಟ್ಟಗಿಟ್ಟು ಕೂರುವುದನ್ನು ನಾನು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಠಾಣೆ ಶಹರದ ಹೋಟೆಲೊಂದರ ಎ.ಸಿ. ಹಾಲಿನಲ್ಲಿ. ಮಹಾಪೆಯ ಒಂದು ಗೋದಾಮಿನಲ್ಲಿ ನಾನು ಸೇಫ್ಟಿ ಆಫೀಸರ್. ಹೆಲ್ಮೆಟ್ ಹಾಕಿ, ಬೂಟು ಹಾಕಿ ಎಂದು ದಿನವಿಡೀ ಕಂಡಕಂಡವರ ಮೇಲೆ ರೇಗುವುದೇ ನನ್ನ ಉದ್ಯೋಗ; ಸಿಡುಕಿ ಎಂಬ ಹೆಸರೂ ಬಂದಿದೆ. ಆ ವರ್ಷ ಕಂಪನಿಗೆ ಅರ್ಗನಾಮಿಕ್ಸ್ ಬೇಕೆನಿಸಿತು. ಅಂದರೆ ಕೆಲಸದ ಜಾಗವನ್ನು ಮನುಷ್ಯನ ಮೈಗೆ ತಕ್ಕಂತೆ ಮಾಡುವ ವಿದ್ಯೆ. ಕಲಿತು ಬಂದು ಗೋದಾಮಿನಲ್ಲಿ ಜಾರಿಗೆ ತರಲಿ ಎಂದು ಮೂರು ದಿನದ ತರಬೇತಿಗೆ ನನ್ನನ್ನು ಕಳಿಸಿದರು. ಬೇರೆಯವರಿಗೆಲ್ಲ ಮನೆ, ಮಕ್ಕಳು, ಮಕ್ಕಳ ಪರೀಕ್ಷೆ. ಒಂಟಿ ಹೆಂಗಸಿಗೆ ಏನು ನೆಪ ಇರುತ್ತದೆ?

ಪಾಠ ಮಾಡಿದವರು ನನಗಿಂತ ಹಿರಿಯ ಹೆಂಗಸು, ಹಿಂದೆ ಫಿಸಿಯೋಥೆರಪಿಸ್ಟ್ ಆಗಿದ್ದವರು. ಮೊದಲ ದಿನವೇ ಒಬ್ಬೊಬ್ಬರ ಹಿಂದೆ ಬಂದು ನಿಂತು ನಾವು ಕೂತ ಬಗೆಯನ್ನು ತಿದ್ದಿದರು. ನನ್ನ ಎರಡೂ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿ, "ಇದನ್ನು ಯಾಕೆ ಕಿವಿಯ ತನಕ ಎತ್ತಿಟ್ಟುಕೊಂಡಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ನಕ್ಕರು. ನನಗೆ ಅಳು ಬಂತು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಲೋಕಲ್ ಟ್ರೇನಿನ ನೂಕುನುಗ್ಗಲು ಬಿಟ್ಟರೆ ಆ ಎರಡು ವರ್ಷದಲ್ಲಿ ನನ್ನನ್ನು ಮುಟ್ಟಿದವರು ಯಾರೂ ಇರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋಗಿ ಬಂದೆ.

ಮೂರು ದಿನದಲ್ಲಿ ಬಹಳ ಕಲಿತೆ. ಚೀಲ ಎತ್ತುವಾಗ ಸೊಂಟ ತಿರುಚಿದರೆ ಏನಾಗುತ್ತದೆ, ಮೇಜು ಎಷ್ಟು ಎತ್ತರವಿರಬೇಕು, ಮಾಲೀಕರನ್ನು ಒಪ್ಪಿಸುವುದು ಹೇಗೆ. ಎಲ್ಲಕ್ಕಿಂತ ಮೊದಲು, ಕೆಲಸ ಮಾಡುವವರನ್ನೇ ಕೇಳಬೇಕು ಎಂದರು. ಒಂದು ಹಾಳೆ. ಅದರಲ್ಲಿ ಮನುಷ್ಯನ ಮೈಯ ಗೆರೆಚಿತ್ರ, ಮುಂದಿನದೊಂದು, ಹಿಂದಿನದೊಂದು. ನೋವಿರುವ ಕಡೆ ಕೆಂಪು ಬಳಿಯಬೇಕು, ಹೆಸರು ಮಾತ್ರ ಬರೆಯುವ ಹಾಗಿಲ್ಲ. ಹೆಸರಿಲ್ಲದಿದ್ದರೆ ಸಾಲದು, ಇಂಥವನದೇ ಎಂದು ಊಹಿಸುವುದಕ್ಕೂ ಎಡೆ ಇರಬಾರದು ಎಂದು ಅವರು ಎರಡು ಸಲ ಹೇಳಿದರು. ನಾನು ಅದನ್ನು ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದೆ. ಈ ಬುದ್ಧಿವಂತಿಕೆಗೇನೂ ಕಡಿಮೆ ಇರಲಿಲ್ಲ.

ಡೊಂಬಿವಿಲಿಯ ನನ್ನ ಮನೆಯಲ್ಲಿ ಆಗ ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಅಮ್ಮನೊಡನೆ ತುಳು ಹೋಯಿತು. ಕನ್ನಡ ಆಡುತ್ತಿದ್ದ ಕೆಳಗಿನ ಮಹಡಿಯವರು ಫ್ಲ್ಯಾಟ್ ಮಾರಿ ಉಡುಪಿಗೆ ಹೋದರು. ಉಳಿದದ್ದು ವಾಚ್‌ಮನ್ ಜೊತೆ ಮರಾಠಿ, ರಿಕ್ಷಾದವನ ಜೊತೆ ಹಿಂದಿ, ಅದೂ ಜಗಳಕ್ಕೆ. ಭಾನುವಾರ ಸಂಜೆ ಯಾರಾದರೂ ರಾಂಗ್ ನಂಬರ್ ಮಾಡಿದರೂ ಬೇಗ ಇಡಲು ಮನಸ್ಸು ಬರುತ್ತಿರಲಿಲ್ಲ.

ಕನ್ನಡ ಮಾತು ಎಂದು ನನಗೆ ಉಳಿದಿದ್ದವನು ಗೋದಾಮಿನ ಒಬ್ಬ ಲೋಡರ್. ವಿಜಯಪುರದ ಕಡೆಯವನು, ಮೂವತ್ತೈದರ ಆಸುಪಾಸು, ಕಂಟ್ರಾಕ್ಟರನ ಗುಂಪಿನಲ್ಲಿ ಚೀಲ ಹೊರುತ್ತಿದ್ದ. ಊಟದ ಹೊತ್ತಿನಲ್ಲಿ ಫೋನಿನಲ್ಲಿ ಕನ್ನಡ ಸುದ್ದಿ ಓದುತ್ತ ಕೂತಿರುತ್ತಿದ್ದ. ಒಮ್ಮೆ ಹೆಲ್ಮೆಟ್ ಹಾಕಿಲ್ಲವೆಂದು ಬೈಯಲು ಹೋದವಳು ಅದನ್ನು ನೋಡಿ ಬೈಗುಳವನ್ನೇ ಮರೆತೆ. ಅಂದಿನಿಂದ ದಿನಕ್ಕೆ ಐದು ನಿಮಿಷ ಮಾತು.

"ನಿಮ್ಮ ಕನ್ನಡ ಪುಸ್ತಕದಾಗಿಂದ ಎದ್ದು ಬಂದಂಗ ಐತಿ ನೋಡ್ರಿ ಅಕ್ಕಾರ" ಎಂದು ಕಾಡುತ್ತಿದ್ದ.

"ನಿಮ್ಮದು ಅರ್ಧ ನಂಗೆ ಅರ್ಥವೇ ಆಗುದಿಲ್ಲ ಮಾರಾಯ್ರೆ" ಎನ್ನುತ್ತಿದ್ದೆ ನಾನು. ಆ ಐದು ನಿಮಿಷಕ್ಕಾಗಿ ನಾನು ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ತರಬೇತಿ ಮುಗಿಸಿ ಬಂದು ಹಾಳೆಗಳನ್ನು ಹಿಂದಿಯಲ್ಲೂ ಮರಾಠಿಯಲ್ಲೂ ಮಾಡಿಸಿದೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಗುಂಪಿನಲ್ಲಿ ಕಲಬುರಗಿ, ರಾಯಚೂರಿನವರೂ ನಾಲ್ಕಾರು ಜನ ಇದ್ದಾರಲ್ಲ ಎಂದು ಒಂದು ಭಾನುವಾರ ಪೂರ್ತಿ ಕೂತು ಕನ್ನಡದ ಹಾಳೆಯನ್ನು ನಾನೇ ಟೈಪ್ ಮಾಡಿದೆ. ಹೆಗಲು, ಮಣಿಕಟ್ಟು, ಮೀನಖಂಡ ಎಂದು ಒಂದೊಂದೇ ಶಬ್ದ ಬರೆಯುವಾಗ ಎಷ್ಟು ಖುಷಿಯಾಯಿತೆಂದರೆ ಊಟ ಮಾಡಿದ್ದೂ ನೆನಪಿಲ್ಲ.

ಹಂಚುವ ದಿನ ಉಳಿದ ಕನ್ನಡದವರು ಹಿಂದಿಯದನ್ನೇ ತೆಗೆದುಕೊಂಡರು. ಕೆಲವರಿಗೆ ಓದು ಬಾರದು, ಕೆಲವರು ಕಲಿತದ್ದೇ ಇಲ್ಲಿನ ಶಾಲೆಯಲ್ಲಿ. ಅಲ್ಲದೆ ನೋವಿದೆ ಎಂದು ಯಾರೂ ಹೇಳುವವರಲ್ಲ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಕಂಟ್ರಾಕ್ಟರ್ ಮುಖ ನೋಡಿ ಜನ ಆರಿಸಿಕೊಳ್ಳುತ್ತಾನೆ. ಸೊಂಟ ಹಿಡಿದುಕೊಂಡು ನಿಂತವನು ಮನೆಗೆ ಹೋಗಬೇಕು. ಹಾಗಾಗಿ ಎಲ್ಲರ ಗೆರೆಮನುಷ್ಯರೂ ಬಿಳಿಯಾಗಿಯೇ ವಾಪಸು ಬಂದರು. ವಿಜಯಪುರದವನು ಮಾತ್ರ ಕನ್ನಡದ ಹಾಳೆ ಹಿಡಿದು ಬಹಳ ಹೊತ್ತು ನಿಂತ.

"ಖರೇನ ಬರೀಲೇನ್ರಿ ಅಕ್ಕಾರ?"

"ಬರೀರಿ. ಹೆಸರು ಹಾಕ್ಲಿಕ್ಕಿಲ್ಲ. ಯಾರಿಗೂ ಗೊತ್ತಾಗುದಿಲ್ಲ."

ಅವನು ಎಡಸೊಂಟದಿಂದ ಹಿಮ್ಮಡಿಯ ತನಕ ಕೆಂಪು ಬಳಿದ. ಸಾಲದ್ದಕ್ಕೆ ಕೆಳಗೆ ಬರೆದ: ಎಡಗಡಿ ನಡಾ ಹಿಡ್ಕೊಂಡೈತಿ. ಚೀಲ ಹೊತ್ತು ತಿರುಗಿದ್ರ ಕಾಲು ಜುಂ ಅಂತೈತಿ. ಮಲಗಿದಾಗ ಮಗ್ಗಲಾ ಹೊಳ್ಳಾಕ ಆಗೂದಿಲ್ಲ.

ಮುಂದಿನ ವಾರ ಮೀಟಿಂಗ್. ಸಂಬಂಧಪಟ್ಟವರೆಲ್ಲ ಇರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಿಂದ ಕಂಟ್ರಾಕ್ಟರನನ್ನೂ ಕರೆದಿದ್ದೆ. ಗೋಡೆಯ ಪರದೆಯ ಮೇಲೆ ಆ ಹಾಳೆಯ ಫೋಟೋವನ್ನೇ ದೊಡ್ಡದಾಗಿ ಹಾಕಿದೆ. ಕನ್ನಡ ಅಕ್ಷರಗಳು ಅಲ್ಲಿ ಅಷ್ಟು ದೊಡ್ಡದಾಗಿ ಕಂಡಾಗ ನನ್ನ ಎದೆಯುಬ್ಬಿತ್ತು. ಅಲ್ಲಿದ್ದ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಸಾಲುಸಾಲಾಗಿ ಹಿಂದಿಯಲ್ಲಿ ಬಿಡಿಸಿ ಹೇಳಿದವಳು ನಾನೇ. ಮ್ಯಾನೇಜರ್ ಮರುಗಿದರು. ಟ್ರಾಲಿ, ಭಾರ ಎತ್ತಿಕೊಡುವ ಮೇಜು ಎಲ್ಲಕ್ಕೂ ಅಲ್ಲೇ ಒಪ್ಪಿಗೆ ಸಿಕ್ಕಿತು. ಕಂಟ್ರಾಕ್ಟರ್ ತಲೆಯಾಡಿಸುತ್ತ ಪರದೆಯನ್ನೇ ನೋಡುತ್ತಿದ್ದ. ತನ್ನ ಗುಂಪಿನಲ್ಲಿ ಕನ್ನಡ ಓದಿ ಬರೆಯುವವನು ಯಾರು ಎಂದು ತಿಳಿಯಲು ಅವನಿಗೆ ಹೆಸರು ಬೇಕಿರಲಿಲ್ಲ.

ಸೋಮವಾರ ಊಟದ ಹೊತ್ತಿಗೆ ವಿಜಯಪುರದವನ ಜಾಗ ಖಾಲಿ. ಕಂಟ್ರಾಕ್ಟರನನ್ನು ಕೇಳಿದರೆ, "ತುಮ್ಹೀಚ್ ಸಾಂಗಿತ್ಲಂ ನಾ ಮ್ಯಾಡಮ್" ಎಂದು ನಕ್ಕ. ಸೊಂಟ ಕೆಟ್ಟಿದೆ ಎಂದವರು ನೀವೇ ತಾನೆ, ವಿಶ್ರಾಂತಿ ಕೊಟ್ಟಿದ್ದೇನೆ ಅಂತ. ಅವತ್ತು ನಾನು ಅರಚಿದ್ದು ಇಡೀ ಗೋದಾಮಿಗೆ ಕೇಳಿಸಿತಂತೆ. ಅದರಿಂದ ಆದದ್ದೇನೂ ಇಲ್ಲ. ಅದು ಕಂಟ್ರಾಕ್ಟರನ ವಿಷಯ ಎಂದು ಮ್ಯಾನೇಜರ್ ಕೈ ತೊಳೆದುಕೊಂಡರು. ವಿಜಯಪುರದವನ ಫೋನ್ ಹತ್ತುತ್ತಿರಲಿಲ್ಲ. ಗೆರೆ ಎಳೆದಿದ್ದ ಆ ಪುಟವನ್ನು ಮನೆಗೆ ಬಂದು ತೆಗೆದು ನೋಡಿದೆ. ಮೂರ್ಖಳಾಗಿ ಮಾಡಿದ್ದರೆ ಕ್ಷಮೆಯಾದರೂ ಇತ್ತು. ನಾನು ಗೊತ್ತಿದ್ದೂ ಮಾಡಿದ್ದೆ. ನನ್ನ ಒಂಟಿತನಕ್ಕೆ ಒಂದು ಕನ್ನಡದ ಹಾಳೆ ಬೇಕಾಗಿತ್ತು, ಅದಕ್ಕೆ ಅವನ ಅನ್ನ ಹೋಯಿತು.

ಎರಡು ತಿಂಗಳು ಮ್ಯಾನೇಜರರ ಬೆನ್ನು ಬಿಡಲಿಲ್ಲ. ಕೊನೆಗೆ, ಹೊರುವ ಕೆಲಸ ಬೇಡ, ಟ್ರಾಲಿಗಳ ಉಸ್ತುವಾರಿಗೆ ಅವನನ್ನು ಕಂಪನಿಯಿಂದಲೇ ತೆಗೆದುಕೊಳ್ಳೋಣ ಎಂಬ ಮಾತು ಸಿಕ್ಕಿತು. ಅವನ ಜೊತೆಗಾರರಿಂದ ವಿಳಾಸ ಕೇಳಿಕೊಂಡು ಮರುದಿನವೇ ಮುಂಬ್ರಾ ಸ್ಟೇಷನ್ನಿನಲ್ಲಿ ಇಳಿದೆ. ಗುಡ್ಡದ ಬುಡದಲ್ಲಿ ಒಂದೇ ಕೋಣೆ. ಅವನು ಆಗಷ್ಟೇ ಕೆಲಸದಿಂದ ಬಂದಿದ್ದ, ಕಣ್ಣಿನ ರೆಪ್ಪೆಯ ತನಕ ಸಿಮೆಂಟು. ಏಳುತ್ತಿರುವ ಟವರೊಂದರಲ್ಲಿ ಮೆಟ್ಟಿಲು ಹತ್ತಿ ಚೀಲ ಸಾಗಿಸುತ್ತಿದ್ದನಂತೆ. ಏಳುವಾಗ ಎಡಗೈಯನ್ನು ಗೋಡೆಗೆ ಕೊಟ್ಟು ಎದ್ದ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದ. ನಾನು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದೆ: ನನ್ನದೇ ತಪ್ಪು, ಕ್ಷಮಿಸಿ, ಹೀಗೊಂದು ಕೆಲಸ ಇದೆ, ಭಾರ ಎತ್ತುವುದಿಲ್ಲ, ನಿಮ್ಮ ಸೊಂಟಕ್ಕೂ ಒಳ್ಳೆಯದು.

ಅವನು ಪೂರ್ತಿ ಕೇಳಿಸಿಕೊಂಡ. "ಮೇರಾ ಕಮರ್ ಠೀಕ್ ಹೈ ಮ್ಯಾಡಮ್" ಎಂದ. ಸೊಂಟ ಸರಿಯಾಗಿದೆಯಂತೆ.

ನಾನು ಮತ್ತೆ ಕನ್ನಡದಲ್ಲೇ, ಬರ್ತೀರಾ ಎಂದು ಕೇಳಿದೆ.

"ನಹೀಂ ಮ್ಯಾಡಮ್. ಇಧರ್ ಅಚ್ಛಾ ಹೈ." ದನಿಯಲ್ಲಿ ಸಿಟ್ಟಿರಲಿಲ್ಲ. ಗೋದಾಮಿನಲ್ಲಿ ಎಲ್ಲರೊಡನೆ ಆಡುತ್ತಿದ್ದ ಅದೇ ಹಿಂದಿ.

ಆಮೇಲೆ ಒಲೆಯ ಹತ್ತಿರವಿದ್ದ ಹೆಂಡತಿಯ ಕಡೆ ತಿರುಗಿ, "ಚಾ ಇಡು, ಸಕ್ರಿ ಕಡಿಮಿ ಹಾಕು, ಅವರು ಭಾಳ ಸಿಹಿ ಕುಡಿಯಂಗಿಲ್ಲ" ಎಂದ. ಚಹಾ ಬರುವ ತನಕ ಇಬ್ಬರೂ ಹಿಂದಿಯಲ್ಲಿ ಟ್ರೇನಿನ ವಿಷಯ ಮಾತಾಡಿದೆವು.